ಡಂಗುರದ ಭಾಷೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಬಾಲ್ಯದ ನೆನಪುಗಳನ್ನೂ ಗುರುಸ್ಮರಣೆಯನ್ನೂ ಬರೆಯೋಣವೆಂದೇ ನಾನು ಮೊದಲು ಎಣಿಸಿದ್ದೆ. ಆದರೆ ಬರೆಯಲು ಕುಳಿತಾಗ ಕಣ್ಣ ಮುಂದೆ ಬಂದು ನಿಂತದ್ದು ಶಾಲೆಯ ಗೇಟಿನ ಪಕ್ಕದ ಗೋಡೆಗೆ ತೂಗುಹಾಕಿದ್ದ ಒಂದು ಕರಿಹಲಗೆ. ಅದು ಪಾಠದ ಹಲಗೆಯಲ್ಲ. ಊರಿನವರಿಗಾಗಿ ಬರೆಯುತ್ತಿದ್ದ ಹಲಗೆ. ಆಪತ್ತಿನ ಕಾಲದಲ್ಲಿ ಒಂದು ಊರು ತನ್ನ ಜನರಿಗೆ ಸುದ್ದಿ ಮುಟ್ಟಿಸುವುದು ಹೇಗೆ, ಅದು ಯಾವ ಭಾಷೆಯಲ್ಲಿ ಮುಟ್ಟಬೇಕು ಎಂಬ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಆ ಹಲಗೆಯದು. ಆದ್ದರಿಂದ ಅದನ್ನು ಕುರಿತೇ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತೆಂಬುದು ಹಿರಿಯರೆಲ್ಲರಿಗೂ ತಿಳಿದ ಸಂಗತಿ. ಆಂಧ್ರ ರಾಜ್ಯ ಉದಯವಾದ ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ, ಬಳ್ಳಾರಿ, ಹೊಸಪೇಟೆ ಮೊದಲಾದವು ಮೈಸೂರಿಗೂ ಸೇರಿದವು. ಮಡಕಶಿರಾ ಅದಕ್ಕೂ ಬಹಳ ಮುಂಚೆ, 1882ರಲ್ಲಿ ಅನಂತಪುರ ಜಿಲ್ಲೆಯ ರಚನೆಯಾದಾಗಲೇ ಬಳ್ಳಾರಿಯಿಂದ ಬೇರೆಯಾಗಿತ್ತು. ಗಡಿಗಳು ಹೀಗೆ ಬದಲಾದರೂ ಜನ ಇದ್ದಲ್ಲಿಯೇ ಉಳಿದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗು ಎರಡೂ, ಕಚೇರಿಯಲ್ಲಿ ತೆಲುಗು ಎಂಬುದು ನಮ್ಮ ಕಡೆಯ ಬಾಳಿನ ರೀತಿಯಾಯಿತು. ತೆಲುಗು ನಮಗೆ ಪರಕೀಯವಾದುದೇನೂ ಅಲ್ಲ. ನೆರೆಹೊರೆಯ ಭಾಷೆ, ನಂಟರ ಭಾಷೆ. ಆದರೆ ತೆಲುಗನ್ನು ಸರಾಗವಾಗಿ ಮಾತನಾಡುವ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ಹಳ್ಳಿಗಳಿಂದ ಬಂದ ಅನೇಕರಿಗೆ ಅದೂ ಬರುತ್ತಿರಲಿಲ್ಲ. ಯಾರಾದರೂ ಓದಿ ಹೇಳಬೇಕಿತ್ತು.

ನಾನು ಹುಡುಗನಾಗಿದ್ದಾಗ ಊರಿನ ಸುದ್ದಿಯೆಂದರೆ ಡಂಗುರ. ಬೀದಿಯ ತುದಿಯಲ್ಲಿ ತಮಟೆಯ ಸದ್ದು ಕೇಳುತ್ತಲೇ ಹೆಂಗಸರು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ನಳದ ನೀರು ಎರಡು ದಿನ ಬರುವುದಿಲ್ಲ, ನಾಳೆ ಕಾಲರಾ ಸೂಜಿ ಹಾಕುತ್ತಾರೆ, ಕೆರೆಯ ಏರಿ ಕುಸಿದಿದೆ, ಆ ದಾರಿಯಲ್ಲಿ ಗಾಡಿ ಹೊಡೆಯಬೇಡಿ ಇತ್ಯಾದಿ. ಸಾರುವಾತ ಪೇಟೆಯ ಬೀದಿಯಲ್ಲಿ ತೆಲುಗಿನಲ್ಲಿ ಸಾರಿ, ನಮ್ಮ ಬೀದಿಗೆ ತಿರುಗಿದೊಡನೆ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದ. ಹಾಗೆ ಮಾಡೆಂದು ಯಾರೂ ಅವನಿಗೆ ಆಜ್ಞೆ ಮಾಡಿರಲಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಕಿವಿ ಮಂದ ಎಂಬುದನ್ನೆಲ್ಲ ಅವನು ಬಲ್ಲ. ನಮ್ಮ ಮನೆಯ ಮುಂದೆ ಒಂದು ಕ್ಷಣ ನಿಂತು, “ಅಜ್ಜೀ, ಕೇಳಿಸ್ತೇನು?” ಎಂದು ಕೂಗಿ, ಒಳಗಿನಿಂದ “ಹ್ಞೂಂ ಕಣಪ್ಪ” ಎಂಬ ಉತ್ತರ ಬಂದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದ. ಕೇಳಿದ್ದೇನೆ ಎಂಬ ಉತ್ತರ ಪಡೆಯುವವರೆಗೆ ಸುದ್ದಿ ಮುಟ್ಟಿದಂತಲ್ಲ ಎಂಬ ತಿಳಿವಳಿಕೆ ಅವನಿಗಿತ್ತು.

ಸರ್ಕಾರದ ತಿಳಿವಳಿಕೆಯ ಪತ್ರಗಳು ಶಾಲೆಗೂ ಬರುತ್ತಿದ್ದವು, ಎಲ್ಲವೂ ತೆಲುಗಿನಲ್ಲಿ. ನಮ್ಮ ಮುಖ್ಯೋಪಾಧ್ಯಾಯರು ಅವುಗಳನ್ನು ಕನ್ನಡಕ್ಕೆ ಮಾಡಿ ಗೇಟಿನ ಹಲಗೆಯ ಮೇಲೆ ತಾವೇ ದುಂಡಗೆ ಬರೆಯುತ್ತಿದ್ದರು. ಸಂಜೆಯ ಕೊನೆಯ ಅವಧಿಯಲ್ಲಿ ಆರು, ಏಳನೆಯ ತರಗತಿಯ ಮಕ್ಕಳಿಗೆ ಅದೇ ಉಕ್ತಲೇಖನ. ನಾವು ಬರೆದುಕೊಂಡ ಹಾಳೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಹಿರಿಯರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು ಬರಬೇಕಿತ್ತು. ಒಮ್ಮೆ ಅವರು ‘ಸಾಂಕ್ರಾಮಿಕ ರೋಗ’ ಎಂದು ಬರೆದವರು, ಸ್ವಲ್ಪ ಹೊತ್ತು ನೋಡಿ, ಅದನ್ನು ಒರೆಸಿ ‘ಅಂಟುಜಾಡ್ಯ’ ಎಂದು ತಿದ್ದಿದ್ದು ನನಗೆ ಇಂದಿಗೂ ನೆನಪಿದೆ. “ನಿಮ್ಮ ಅಜ್ಜಿಗೆ ಅರ್ಥವಾಗದ ಮಾತು ಈ ಹಲಗೆಯ ಮೇಲೆ ಇರಕೂಡದು” ಎನ್ನುತ್ತಿದ್ದರು.

1979ರ ಬೇಸಿಗೆಯ ಆರಂಭ. ನಾನು ಆಗ ಏಳನೆಯ ತರಗತಿಯಲ್ಲಿದ್ದೆ. ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಹಲಗೆಯ ಮೇಲೆ ಮೂರು ಮಾತು ಬಂದವು: ನೀರನ್ನು ಕುದಿಸಿ ಆರಿಸಿ ಕುಡಿಯಬೇಕು, ಭೇದಿಯಾದವರಿಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಮೇಲಿಂದ ಮೇಲೆ ಕುಡಿಸಬೇಕು, ತಡಮಾಡದೆ ಆಸ್ಪತ್ರೆಗೆ ಕರೆತರಬೇಕು. ನಾನು ಬರೆದುಕೊಂಡು ಬಂದು ಅಜ್ಜಿಗೆ ಓದಿದೆ, ಹೆಬ್ಬೆಟ್ಟು ಹಾಕಿಸಿಕೊಂಡೆ, ಹಾಳೆಯನ್ನು ಚೀಲದಲ್ಲಿಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡೆ.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಹಗರಿಯ ದಂಡೆಯ ಹಳ್ಳಿಯೊಂದರಿಂದ ಕೂಲಿಗಾಗಿ ಬಂದ ದಂಪತಿಗಳಿದ್ದರು. ಅವರಿಗೆ ಮೂರು ವರ್ಷದ ಒಬ್ಬನೇ ಮಗ. ಶಾಲೆಗೆ ಹೋಗುವ ಮಕ್ಕಳು ಆ ಮನೆಯಲ್ಲಿರಲಿಲ್ಲ; ಆದ್ದರಿಂದ ಹಾಳೆಯೂ ಆ ಮನೆಗೆ ಹೋಗಲಿಲ್ಲ. ಭೇದಿಯಾಗುವ ಕೂಸಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬುದು ಆಗ ಬಹಳ ಮಂದಿಯ ನಂಬಿಕೆ. ಎರಡನೆಯ ದಿನ ರಾತ್ರಿ ಮಗು ತೀರಿಕೊಂಡಿತು. ಬೆಳಗ್ಗೆ ಆ ತಾಯಿ ನಮ್ಮ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, “ನೀರು ನೀರು ಅಂತಿತ್ತವ್ವಾ, ನಾನೇ ಕೊಡಲಿಲ್ಲ” ಎಂದು ಅತ್ತಳು. ಅಜ್ಜಿ ನನ್ನ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ. ಅವರ ಹೆಬ್ಬೆಟ್ಟಿನ ಗುರುತಿದ್ದ ಹಾಳೆ ನನ್ನ ಚೀಲದಲ್ಲಿಯೇ ಇತ್ತು.

ಮರುದಿನ ನಾನು ಮುಖ್ಯೋಪಾಧ್ಯಾಯರಿಗೆ ನಡೆದುದನ್ನು ಹೇಳಿದೆ. ಬೈಯುತ್ತಾರೆಂದು ಹೆದರಿದ್ದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. “ತಪ್ಪು ನಿನ್ನದಲ್ಲಪ್ಪ, ಲೆಕ್ಕ ಹಾಕಿದವನು ನಾನು” ಎಂದರು. ಅದರ ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಹೊಸ ನಿಯಮವನ್ನು ತಿಳಿಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲದೆ, ಶಾಲೆಗೆ ಹೋಗುವ ಮಕ್ಕಳಿಲ್ಲದ ಬೇರೆ ಎರಡು ಮನೆಗಳಿಗೆ ಹೋಗಿ ಓದಿ ಹೇಳಬೇಕು. ಹಾಳೆಯ ಮೇಲೆ ಮೂರು ಗುರುತುಗಳಿರಬೇಕು. ಯಾರಿಗೆ ಯಾವ ಮನೆ ಎಂಬ ಪಟ್ಟಿಯನ್ನು ಅವರೇ ಬೀದಿಬೀದಿ ಸುತ್ತಿ ತಯಾರಿಸಿದರು. ‘ಎರಡು ಮನೆ ಲೆಕ್ಕ’ ಎಂದು ನಾವು ಅದಕ್ಕೆ ಹೆಸರಿಟ್ಟೆವು. ನಾನು ಶಾಲೆ ಬಿಡುವವರೆಗೂ ಆ ಲೆಕ್ಕ ನಡೆಯಿತು.

ದೊಡ್ಡವನಾದ ಮೇಲೆ ಒಂದು ಸಂಗತಿಯನ್ನು ಓದಿ ನನ್ನ ಮನಸ್ಸು ಬಹಳ ಕಲಕಿತು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್‌ನಲ್ಲಿದ್ದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆಯ ದ್ರಾವಣವನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿ ತೋರಿಸಿದ್ದರು. ಅಂದರೆ ನಮ್ಮ ಬೀದಿಯ ಮಗು ಸಾಯುವುದಕ್ಕೆ ಎಂಟು ವರ್ಷ ಮುಂಚೆಯೇ ಮದ್ದು ಜಗತ್ತಿಗೆ ತಿಳಿದಿತ್ತು. ಅದು ಬಂಗಾಳದಿಂದ ನಮ್ಮ ಊರಿನವರೆಗೆ ಬಂದಿತ್ತು, ನಮ್ಮ ಶಾಲೆಯ ಹಲಗೆಯವರೆಗೂ ಬಂದಿತ್ತು. ಹಲಗೆಯಿಂದ ಮೂರನೆಯ ಮನೆಗೆ ಹೋಗಲಿಲ್ಲ. ಆಪತ್ತಿಗೆ ಊರನ್ನು ಸಿದ್ಧಗೊಳಿಸುವ ಕಾರ್ಯದಲ್ಲಿ ಅತ್ಯಂತ ಕಠಿಣವಾದುದು ಈ ಕಡೆಯ ಹತ್ತು ಮಾರು ದೂರವೇ ಎಂದು ನಾನು ನಂಬಿದ್ದೇನೆ.

ದೇಶದ ಅನುಭವವೂ ಇದನ್ನೇ ಹೇಳುತ್ತದೆ. 1977ರ ನವೆಂಬರ್ 19ರಂದು ಕೃಷ್ಣಾ ನದಿ ಸಮುದ್ರ ಸೇರುವೆಡೆಯ ದಿವಿಸೀಮೆಯ ಮೇಲೆ ಚಂಡಮಾರುತ ಎರಗಿ ಸುಮಾರು 10,000 ಜನ ಮಡಿದರು. 1999ರ ಒಡಿಶಾ ಚಂಡಮಾರುತದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಜನ ಸತ್ತರು. ಆದರೆ ಅದೇ ಒಡಿಶಾ ತೀರಕ್ಕೆ 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆಗಲೂ ಗಾಳಿ ಪ್ರಚಂಡವಾಗಿಯೇ ಬೀಸಿತ್ತು. ಸುದ್ದಿ ಮುಂಚಿತವಾಗಿ ಹೋಗಿತ್ತು. ಹಳ್ಳಿಹಳ್ಳಿಯಲ್ಲಿ ಅದನ್ನು ಮನೆಬಾಗಿಲಿಗೆ ಹೇಳುವವರಿದ್ದರು. ಹೇಳಿದವರ ಮಾತನ್ನು ಜನ ನಂಬಿದರು.

ನಮಗೆ ಸಮುದ್ರವಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆಯ ಅನಂತಪುರ ಸೀಮೆಯಲ್ಲಿ ಆಪತ್ತು ಎಂದರೆ ಬರಗಾಲ ಎಂದೇ ಎಲ್ಲರ ಎಣಿಕೆ. ಹಗರಿ ಎಂದರೆ ನಮಗೆ ನದಿಯಲ್ಲ, ಉಸುಕು. ಕಣೇಕಲ್ಲು, ಬೊಮ್ಮನಹಾಳು ಕಡೆ ಗಾಳಿಗೆ ಹೊಲಗಳ ಮೇಲೆ ದಿಬ್ಬವಾಗಿ ಹಬ್ಬುವ ಉಸುಕು. ಈ ಹಗರಿಯೇ ವೇದಾವತಿ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು, ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬಿ, ಚಳ್ಳಕೆರೆ ತಾಲೂಕನ್ನು ಹಾದು ನಮ್ಮ ಸೀಮೆಗೆ ಬಂದು, 1961ರಲ್ಲಿ ಪೂರ್ಣಗೊಂಡ ಭೈರವಾನಿತಿಪ್ಪ ಜಲಾಶಯವನ್ನು ಸೇರಿ, ಅಲ್ಲಿಂದ ಬಳ್ಳಾರಿಯ ಕಡೆಗೆ ಹೋಗಿ ತುಂಗಭದ್ರೆಯಲ್ಲಿ ಕೂಡುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಅಷ್ಟು ದೀರ್ಘಕಾಲ ಒಣಗಿದ್ದ ನದಿಯ ಪಾತ್ರದಲ್ಲಿ ಜನ ಬೇಸಾಯ ಮಾಡಿದರು, ಕುರಿಯ ರೊಪ್ಪ ಹಾಕಿದರು. ನೀರು ಬರುತ್ತದೆಂದು ಯಾರಾದರೂ ಹೇಳಿದರೆ ನಗುವಂತಾಗಿತ್ತು.

ಆ ಸೆಪ್ಟೆಂಬರ್‌ನಲ್ಲಿ ನಾನು ಹಗರಿಯ ದಂಡೆಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ಮನೆಗೆ ಹೋಗಿದ್ದೆ. ಪಕ್ಕದ ಕುರಿಗಾಹಿ ಕುಟುಂಬದವರು ಉಸುಕಿನ ಮೇಲೆ ರೊಪ್ಪ ಹಾಕಿಕೊಂಡಿದ್ದರು. ಆ ಮನೆಯ ಯಜಮಾನರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದಿತ್ತು; ತೆಲುಗು ಲಿಪಿಯಲ್ಲಿ. ಅವರು ಕನ್ನಡದಲ್ಲಿ ನಾಲ್ಕನೆಯ ತರಗತಿ ಓದಿದವರು. ಜಾಹೀರಾತೆಂದು ತಿಳಿದು ಮೊಬೈಲನ್ನು ಜೇಬಿಗೆ ಹಾಕಿಕೊಂಡಿದ್ದರು. ಮೊಮ್ಮಗನಿಗೆ ತೋರಿಸಿದ್ದರೆ ಆಗುತ್ತಿತ್ತು ಎನ್ನುವಂತಿರಲಿಲ್ಲ. ಅವನು ಇಂಗ್ಲಿಷ್ ಮಾಧ್ಯಮದ ಹುಡುಗ, ಎರಡೂ ಲಿಪಿಗಳಲ್ಲಿ ತಡವರಿಸುವವನು. ಸಂಜೆ ಏಳು ಗಂಟೆಗೆ ರಾಯದುರ್ಗದಿಂದ ಕಿರಾಣಿ ಅಂಗಡಿಯವರೊಬ್ಬರು ಅವರಿಗೆ ದೂರವಾಣಿ ಮಾಡಿದರು.

“ಮಾವಾ, ಮ್ಯಾಲಿಂದ ಹಗರಿಗೆ ನೀರು ಬರಾಕ ಹತ್ತೈತಂತ. ರೊಪ್ಪ ಈಗಲೇ ಎತ್ರಿ, ಬೆಳಗಾಗಲಿ ಅನಬ್ಯಾಡ್ರಿ.”

“ಹಗರ್ಯಾಗ ನೀರಾ? ಏನ್ ಚೇಷ್ಟಿ ಮಾಡ್ತೀಯಪ್ಪ?”

“ಚೇಷ್ಟಿ ಅಲ್ಲ ಮಾವ. ಎತ್ತಿದ ಮ್ಯಾಲೆ ನನಗ ತಿರುಗಿ ಫೋನ್ ಹಚ್ರಿ. ಅಲ್ಲೀತನಕ ನಾನು ಮಲಗಾಕಿಲ್ಲ.”

ನಂಬಿಯೋ ನಂಬದೆಯೋ, ನಾವೆಲ್ಲ ಸೇರಿ ಆ ರಾತ್ರಿ ಕುರಿಗಳನ್ನು ದಿಬ್ಬಕ್ಕೆ ಹೊಡೆದೆವು. ಬೆಳಗಿನ ಜಾವ ನೋಡಿದರೆ ರೊಪ್ಪವಿದ್ದ ಜಾಗ ಕೆಂಪು ನೀರಿನ ಕೆಳಗಿತ್ತು. ಕುರಿಗಳು ಉಳಿದವು; ಮಲಗುವ ಗುಡಿಸಲು ಹೋಯಿತು. ಗುಡಿಸಲಿನಲ್ಲಿ ಪ್ರತಿ ರಾತ್ರಿ ಮಲಗುತ್ತಿದ್ದವರು ಇಬ್ಬರು ಹುಡುಗರು.

ಊರಿಗೆ ಮರಳಿದ ಮೇಲೆ ಆ ಅಂಗಡಿಗೆ ಹೋದೆ. ಮುಖ ನೋಡಿದೊಡನೆ ಗುರುತು ಸಿಕ್ಕಿತು. ನನಗಿಂತ ಎರಡು ವರ್ಷ ಚಿಕ್ಕವರು, ನಮ್ಮ ಶಾಲೆಯವರೇ. ಅವರು ಅಂದು ಹಗರಿಯ ದಂಡೆಯ ತಮ್ಮ ಗಿರಾಕಿಗಳಲ್ಲಿ ತೆಲುಗು ಓದಲು ಬಾರದವರನ್ನೆಲ್ಲ ಲೆಕ್ಕದ ಪುಸ್ತಕದಿಂದ ಹುಡುಕಿ ಒಬ್ಬೊಬ್ಬರಿಗೂ ದೂರವಾಣಿ ಮಾಡಿದ್ದರಂತೆ. ಹಾಗೆ ಮಾಡಬೇಕೆಂದು ಹೇಗೆ ತೋಚಿತು ಎಂದು ಕೇಳಿದೆ. ತಕ್ಕಡಿಯ ಮೇಲಿನ ಕೈ ತೆಗೆಯದೆ, “ಎರಡು ಮನೆ ಲೆಕ್ಕ, ಮರೆಯೋಕಾಗುತ್ತಾ ಅಣ್ಣ?” ಎಂದರು.

ಈ ಸಂದರ್ಭದಲ್ಲಿ ಸರ್ಕಾರ ಏನೂ ಮಾಡಲಿಲ್ಲವೆಂದು ಹೇಳುವುದು ನನ್ನ ಉದ್ದೇಶವಲ್ಲ. ಹೇಳಿದರೆ ಅದು ಅನ್ಯಾಯವಾದೀತು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಕಲೆಕ್ಟರರ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಅದೇ ವರ್ಷದ ಆಗಸ್ಟ್ 15ರಂದು ಆಂಧ್ರದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ತುರ್ತು ಕರೆಗೆ 112, ಜಿಲ್ಲೆಯ ನಿಯಂತ್ರಣ ಕೊಠಡಿಗೆ 1077, ರಾಜ್ಯದ್ದಕ್ಕೆ 1070 ಎಂಬ ಸಂಖ್ಯೆಗಳಿವೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಪ್ರತಿಯೊಂದು ದೊಡ್ಡ ಅಣೆಕಟ್ಟಿಗೂ ತುರ್ತು ಕ್ರಿಯಾಯೋಜನೆ ಇರಬೇಕೆಂದು ವಿಧಿಸಿದೆ. ಒಂದು ಪ್ರದೇಶದ ಗೋಪುರಗಳ ಮೂಲಕ ಅಲ್ಲಿರುವ ಎಲ್ಲ ಮೊಬೈಲುಗಳಿಗೂ ಏಕಕಾಲದಲ್ಲಿ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು 2023ರಲ್ಲಿ ದೇಶದ ಅನೇಕ ಕಡೆ ಪರೀಕ್ಷಿಸಿದರು. ಸಂದೇಶವನ್ನು ಹಲವು ಭಾರತೀಯ ಭಾಷೆಗಳಲ್ಲಿ ಕಳುಹಿಸಲು ಈಗ ಯಂತ್ರಕ್ಕೆ ಅಡ್ಡಿಯೇನೂ ಇಲ್ಲ.

ಆದರೆ ನಡುವೆ ಇದ್ದ ಮನುಷ್ಯರು ಕಡಿಮೆಯಾಗುತ್ತ ಬಂದಿದ್ದಾರೆ. 1984ರ ಜನವರಿಯಲ್ಲಿ ಕರಣಂ, ಮುನಸೀಬರಂಥ ಗ್ರಾಮಾಧಿಕಾರಿಗಳ ಹಳೆಯ ಹುದ್ದೆಗಳು ರದ್ದಾದವು. ಅದು ಅಗತ್ಯವಾದ ಸುಧಾರಣೆಯೇ ಆಗಿತ್ತು. ತಮಟೆಯ ಬದಲು ಧ್ವನಿವರ್ಧಕ ಕಟ್ಟಿದ ಆಟೋ ಬಂದಿತು. ಅದು ಉತ್ತರಕ್ಕಾಗಿ ನಿಲ್ಲುವುದಿಲ್ಲ. 2019ರಲ್ಲಿ ಆಂಧ್ರದಲ್ಲಿ ಐವತ್ತು ಮನೆಗೊಬ್ಬ ಸ್ವಯಂಸೇವಕನೆಂಬ ಪದ್ಧತಿ ಬಂದು, 2020ರ ಕೊರೋನಾ ಕಾಲದಲ್ಲಿ ಮನೆಮನೆಗೆ ಹೋಗುವವರು ದೊರೆತರು. 2024ರ ನಂತರ ಅದೂ ಮುಂದುವರಿಯಲಿಲ್ಲ. ವ್ಯವಸ್ಥೆಗಳು ಬರುತ್ತವೆ, ಹೋಗುತ್ತವೆ. ಪಕ್ಕದ ಮನೆ ಮಾತ್ರ ಪಕ್ಕದಲ್ಲಿಯೇ ಇರುತ್ತದೆ.

ನಮ್ಮ ತಂಗಿಯನ್ನು ಕೊಟ್ಟಿರುವ ಮಡಕಶಿರಾ ಕಡೆಯ ತೊಡಕು ಇನ್ನೊಂದು ಬಗೆಯದು. ಆ ಸೀಮೆ ಕರ್ನಾಟಕದೊಳಕ್ಕೆ ಬೆರಳು ಚಾಚಿದಂತಿದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯಲ್ಲಿ ಊರಿನವರಿಗೆ ತಿಳಿಸಬೇಕಾದುದನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಕೆತ್ತಿಸಿದ್ದ ಕಾಲವೊಂದಿತ್ತು. 2022ರ ಏಪ್ರಿಲ್ 4ರಂದು ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಜಿಲ್ಲಾ ಕೇಂದ್ರ ಪುಟ್ಟಪರ್ತಿಗೆ ಹೋಯಿತು. ಗಡಿಯಂಚಿನ ಹಳ್ಳಿಗಳಲ್ಲಿ ಮೊಬೈಲು ಒಮ್ಮೆ ಆಂಧ್ರದ ಗೋಪುರವನ್ನೂ ಒಮ್ಮೆ ಕರ್ನಾಟಕದ ಗೋಪುರವನ್ನೂ ಹಿಡಿಯುತ್ತದೆ. ಅವಸರದಲ್ಲಿ ಮಾಡಿದ ಕರೆ ಬೇರೆ ರಾಜ್ಯದ ಕೇಂದ್ರಕ್ಕೆ ಹೋಗುವುದು ಅಸಾಧ್ಯವೇನಲ್ಲ. ಆದ್ದರಿಂದ ನಮ್ಮ ತಂಗಿ ಮಕ್ಕಳಿಗೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದ್ದಾಳೆ: ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಮಂಡಲ, ಊರು, ಅನಂತರ ಏನಾಗಿದೆ ಎಂಬುದು. ಇದನ್ನು ನಮ್ಮ ಮಕ್ಕಳೆಲ್ಲರೂ ಕಲಿಯುವುದು ಒಳ್ಳೆಯದು.

ಇನ್ನು ಭಾಷೆಯ ಮಾತು. ನದಿ ಹಿರಿಯೂರಿನಿಂದ ಬಳ್ಳಾರಿಯವರೆಗೆ ಒಂದೇ ನದಿ. ಆದರೆ ಅದರ ಎಚ್ಚರಿಕೆ ಚಳ್ಳಕೆರೆಯವರೆಗೆ ಕನ್ನಡದಲ್ಲಿ ಬಂದು, ನಮ್ಮಲ್ಲಿ ತೆಲುಗಾಗಿ, ಬಳ್ಳಾರಿಯಲ್ಲಿ ಮತ್ತೆ ಕನ್ನಡವಾಗುತ್ತದೆ. ನಡುವೆ ಇರುವ ಕನ್ನಡಿಗರು ತಮ್ಮ ಭಾಷೆಯಲ್ಲಿ ಎಚ್ಚರಿಕೆ ಕೇಳುವುದು ಅತಿಯಾಸೆಯಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರ್ಕಾರ 1956ರಲ್ಲಿ ಹೊರಡಿಸಿದ ಜ್ಞಾಪನಪತ್ರದಲ್ಲಿಯೇ, ಪುರಸಭೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ಶೇಕಡಾ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷಿಕರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳಿತೆಂದು ಹೇಳಿದೆ. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯೂ ಅದೇ ವರ್ಷ ಸೇರಿದ್ದು. ಈ ಎರಡೂ ಒಟ್ಟಿಗೇ ಇವೆಯೆಂಬುದನ್ನು ನಾವು ಗಮನಿಸಬೇಕು. ಕನ್ನಡ ಓದುವ ಮಕ್ಕಳಿಲ್ಲದಿದ್ದರೆ ಕನ್ನಡದ ಪ್ರಕಟಣೆಯನ್ನು ಅಜ್ಜಿಗೆ ಓದಿ ಹೇಳುವವರಾರು?

ಕನ್ನಡ ಶಾಲೆಯ ಅಗತ್ಯವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಸಾಹಿತ್ಯ, ಸಂಸ್ಕೃತಿ, ಅಭಿಮಾನಗಳ ಹೆಸರೆತ್ತುತ್ತೇವೆ. ಅವೆಲ್ಲವೂ ನಿಜವೇ. ಆದರೆ ನನಗೆ ಮೊದಲು ನೆನಪಾಗುವುದು ಮೂರನೆಯ ಮನೆಯ ಆ ಮಗು, ಅನಂತರ ಹಗರಿಯ ಗುಡಿಸಲಿನಲ್ಲಿ ಮಲಗಬೇಕಾಗಿದ್ದ ಇಬ್ಬರು ಹುಡುಗರು. ಒಂದು ಜೀವ ಹೋದದ್ದು, ಎರಡು ಜೀವ ಉಳಿದದ್ದು ಒಂದೇ ಲೆಕ್ಕದ ಎರಡು ಪುಟಗಳು.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳ ಮುಂದೆ ನನ್ನ ಸಣ್ಣ ಬಿನ್ನಹವಿದೆ. ಗೇಟಿನ ಆ ಹಲಗೆ ಈಗಿಲ್ಲ. ಅದನ್ನು ಮತ್ತೆ ತೂಗುಹಾಕೋಣ. ಎಲ್ಲ ತುರ್ತು ಸಂಖ್ಯೆಗಳನ್ನೂ ಅದರ ತಲೆಯ ಮೇಲೆ ಬಣ್ಣದಲ್ಲಿ ಬರೆಸೋಣ. ಬೀದಿಬೀದಿಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿ, ಒಬ್ಬೊಬ್ಬರೂ ಒಂಟಿಯಾಗಿರುವ ಮುದುಕರ, ಓದು ಬಾರದವರ, ಹೊಸದಾಗಿ ಕೂಲಿಗೆ ಬಂದವರ ಎರಡು ಮನೆಗಳ ಹೊಣೆ ಹೊರೋಣ. ಆ ಮನೆಯವರು ತೆಲುಗರಾದರೆ ತೆಲುಗಿನಲ್ಲಿ, ಉರ್ದು ಮಾತಿನವರಾದರೆ ಉರ್ದುವಿನಲ್ಲಿ ಹೇಳೋಣ. ಪ್ರಕಟಣೆಗಳು ಕನ್ನಡದಲ್ಲಿಯೂ ಬರಲೆಂದು 1956ರ ಪತ್ರವನ್ನು ಲಗತ್ತಿಸಿ ವಿನಯದಿಂದ ಅರ್ಜಿ ಕೊಡೋಣ. ವಿಪತ್ತು ತಗ್ಗಿಸುವ ಅಂತಾರಾಷ್ಟ್ರೀಯ ದಿನವಾದ ಅಕ್ಟೋಬರ್ 13ರಂದು ವರ್ಷಕ್ಕೊಮ್ಮೆ ಒಂದು ಸುಳ್ಳು ಎಚ್ಚರಿಕೆಯನ್ನು, ಅದು ಪರೀಕ್ಷೆಯೆಂದು ಮೊದಲೇ ತಿಳಿಸಿ, ಹಲಗೆಯಿಂದ ಕಡೆಯ ಮನೆಯವರೆಗೆ ಕಳುಹಿಸಿ, ಎಷ್ಟು ಹೊತ್ತಿಗೆ ಮುಟ್ಟಿತು, ಎಲ್ಲಿ ನಿಂತಿತು ಎಂದು ನೋಡೋಣ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ.

ನಮ್ಮ ಮುಖ್ಯೋಪಾಧ್ಯಾಯರು ಇಂದು ನಮ್ಮೊಡನಿಲ್ಲ. ಅವರು ನಿವೃತ್ತರಾದ ದಿನ ತಮ್ಮ ಮೇಜಿನ ಖಾನೆಯಿಂದ ಒಂದು ಕಟ್ಟು ಹಾಳೆಗಳನ್ನು ತೆಗೆದು ಮನೆಗೆ ಒಯ್ದರೆಂದು ಕೇಳಿದ್ದೇನೆ. ಪ್ರತಿ ಹಾಳೆಯ ಕೆಳಗೂ ಮೂರು ಮೂರು ಹೆಬ್ಬೆಟ್ಟಿನ ಗುರುತುಗಳಿದ್ದುವಂತೆ. ನಮ್ಮ ಶಾಲೆ ನೂರರ ಹಬ್ಬವನ್ನು ಆಚರಿಸುವಾಗಲೂ ಅಂಥ ಹಾಳೆಗಳನ್ನು ಹಿಡಿದು ಓಡುವ ಮಕ್ಕಳು ಇಲ್ಲಿರಲಿ ಎಂದು ಹಾರೈಸುತ್ತ ವಿರಮಿಸುತ್ತೇನೆ.